ಸಿಸಿಲಿಯಿಂದ ತಂದ ನೆಲ

ನಾನು ರೇಡಿಯಾಲಜಿಸ್ಟ್. ಅರೆಗತ್ತಲ ಕೋಣೆಯಲ್ಲಿ ಕೂತು ಬೇರೆಯವರ ಮೂಳೆ, ಶ್ವಾಸಕೋಶ, ಮಿದುಳಿನ ಚಿತ್ರಗಳನ್ನು ನೋಡುವುದು ನನ್ನ ಕೆಲಸ. ಯಾರ ಕಣ್ಣಿಗೂ ಬೀಳದ್ದು ನನ್ನ ಕಣ್ಣಿಗೆ ಬೀಳಬೇಕು, ಅದಕ್ಕೇ ನನಗೆ ಸಂಬಳ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಮುಂದೆ ಹೇಳಹೊರಟಿರುವುದು ನನ್ನದೇ ಅಡುಗೆಮನೆಯಲ್ಲಿ, ಹಾಡಹಗಲಿನಲ್ಲಿ, ಎರಡು ತಿಂಗಳು ನನ್ನ ಕಣ್ಣಿಗೆ ಬೀಳದೇ ಹೋದ ಒಂದು ಸಂಗತಿ.

ಮಿಶಿಗನ್ನಿನ ನಾರ್ತ್‌ವಿಲ್‌ನ ನಮ್ಮ ಸಬ್‌ಡಿವಿಷನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ಯಾರ ಮನೆಗೆ ಹೋದರೂ ಅಡುಗೆಮನೆ ಒಂದೇ. ಬೂದು ಬಣ್ಣದ ಗ್ರಾನೈಟು, ಬಿಳಿ ಕಪಾಟು, ನಡುವೆ ಐಲ್ಯಾಂಡ್ ಎನ್ನುವ ಒಂದು ದೊಡ್ಡ ಕಟ್ಟೆ, ಅದರ ಮೇಲೆ ನೇತಾಡುವ ಮೂರು ದೀಪ. ಹದಿನೈದು ವರ್ಷ ನಾನೂ ಅಂಥದ್ದರಲ್ಲೇ ಬೇಯಿಸಿ ಬಡಿಸಿದೆ. ಆಮೇಲೆ ನನಗೆ ಮೆಡಿಟರೇನಿಯನ್ ಹುಚ್ಚು ಹಿಡಿಯಿತು. ಎಲ್ಲಿಂದ ಹಿಡಿಯಿತೋ ಗೊತ್ತಿಲ್ಲ. ಫೋನಿನ ತುಂಬ ಸುಣ್ಣದ ಗೋಡೆಗಳು, ಕಮಾನುಗಳು, ನೀಲಿ ಬಾಗಿಲುಗಳು. ರಜೆ ಬಂದರೆ ಬೇರೆಯವರು ಊರು ನೋಡಿ ಹೋಟೆಲು ಹುಡುಕುತ್ತಾರೆ, ನಾನು ಹೋಟೆಲಿನ ಗೋಡೆ ನೋಡಿ ಊರು ಗೊತ್ತುಮಾಡುತ್ತಿದ್ದೆ. ಒಂದು ವರ್ಷ ಗ್ರೀಸು, ಒಂದು ವರ್ಷ ದಕ್ಷಿಣ ಸ್ಪೇನು. ಗಾಜಿನ ಗೋಡೆಯ ಸನ್‌ರೂಮಿನಲ್ಲಿಟ್ಟ ಆಲಿವ್ ಗಿಡ ಮಿಶಿಗನ್ನಿನ ಮೊದಲ ಜನವರಿಗೇ ಎಲೆ ಉದುರಿಸಿ ಒಣಗಿ ನಿಂತಿತು. ನಾನು ಬುದ್ಧಿ ಕಲಿಯಲಿಲ್ಲ, ಇನ್ನೊಂದು ತಂದೆ.

ಕಳೆದ ವರ್ಷದ ಏಪ್ರಿಲಿನಲ್ಲಿ ಹೋದದ್ದು ಸಿಸಿಲಿಗೆ. ಹಳೆಯ ಕಣಜವೊಂದನ್ನು ಹೋಟೆಲು ಮಾಡಿದ್ದರು. ಒರಟು ಗೋಡೆ, ದಪ್ಪ ನಾರುಬಟ್ಟೆಯ ಪರದೆ, ಕಿಟಕಿಯ ಆಚೆ ನಿಂಬೆತೋಟ. ನಾನು ಗೋಡೆ ಸವರುತ್ತಾ ನಿಂತಿದ್ದರೆ ನನ್ನ ಗಂಡ ಹಾಸಿಗೆಯ ಮೇಲೆ ಕಾಲು ಚಾಚಿ, "ಹೀಗೇ ಉಬ್ಬುತಗ್ಗಾಗಿ ಸುಣ್ಣ ಹೊಡೆದಿದ್ದಕ್ಕೆ ನಮ್ಮಜ್ಜ ಕೆಲಸದೋರಿಗೆ ಸಹಸ್ರನಾಮ ಮಾಡಿದ್ರು. ಇಲ್ಲಿ ನೋಡಿದ್ರೆ ನೀನು ಫೋಟೋ ತೆಗೀತಿದೀಯ," ಎಂದರು. ಕೆಲವರಿಗೆ ರುಚಿ ಇರುವುದಿಲ್ಲ, ಅವರ ಜೊತೆ ವಾದ ಮಾಡಬಾರದು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮರುದಿನ ಒಳನಾಡಿನ ಕುಂಬಾರರ ಊರೊಂದಕ್ಕೆ ಹೋದೆವು. ಅಲ್ಲಿ ಹಳೆಯ ಮನೆ ಕೆಡವಿದಾಗ ಕಿತ್ತ ಟೈಲ್ಸ್‌ಗಳನ್ನು ತೊಳೆದು ಮಾರುವ ಮುದುಕನೊಬ್ಬನ ಗೋದಾಮು ಇತ್ತು. ನೆಲದಿಂದ ಸೂರಿನವರೆಗೆ ಟೈಲ್ಸ್. ಹಸಿರು ಬಳ್ಳಿ, ಹಳದಿ ನಕ್ಷತ್ರ, ಕಂದು ಚೌಕ, ಏನುಂಟು ಏನಿಲ್ಲ. ಎರಡು ಗಂಟೆ ಹುಡುಕಿದೆ. ಗಂಡ ಹೊರಗೆ ಎರಡು ಸಲ ಕಾಫಿ ಕುಡಿದು ಬಂದರು. ಕೊನೆಗೆ ಒಂದು ಮೂಲೆಯಲ್ಲಿ ಅದು ಸಿಕ್ಕಿತು. ಕೆನೆಬಿಳಿಯ ಮೇಲೆ ಶಾಯಿನೀಲಿ ಎಸಳು, ನಾಲ್ಕು ಟೈಲ್ ಜೋಡಿಸಿದರೆ ಎಂಟು ಎಸಳಿನ ಒಂದು ದೊಡ್ಡ ಹೂವು, ನಡುವೆ ಅರಿಶಿನ ಬಣ್ಣದ ಬೊಟ್ಟು. ನೋಡಿದ ಕ್ಷಣ ಎದೆಯಲ್ಲಿ ಏನೋ ಝುಮ್ಮೆಂದಿತು. ಇಷ್ಟೊಂದರಲ್ಲಿ ಇದೇ ಏಕೆ ಎಂದು ನಾನು ನನ್ನನ್ನು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಬೇಕಿತ್ತು.

ಮುದುಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅವನ ಮಗಳು ಹೇಳುತ್ತಿದ್ದಳು. ಇದು ಯಾವುದೋ ದೊಡ್ಡ ಮನೆಯ ಮಂಚಗಳ ಕೆಳಗಿದ್ದದ್ದಂತೆ, ಅದಕ್ಕೇ ಬಣ್ಣ ಹೀಗೆ ಉಳಿದಿದೆಯಂತೆ. ಅದೇ ಮನೆಯ ಅಡುಗೆಮನೆಯದ್ದೂ ಇತ್ತು. ಒಲೆಯ ಮುಂದೆ ಜನ ನಿಂತು ನಿಂತು ಎಸಳುಗಳು ಮಸುಕಾಗಿದ್ದವು. ಅದನ್ನು ತೆಗೆದುಕೋ ಎಂದು ಮುದುಕ ಬಲವಂತ ಮಾಡಿದ. ಬೇಡ, ನನಗೆ ಸವೆಯದ್ದೇ ಬೇಕು ಎಂದೆ. ಅವನು ಏನೋ ಗೊಣಗಿದ. "ಪಾಪ, ಈ ನೆಲದ ಮೇಲೆ ಯಾರೂ ನಡೆದೇ ಇಲ್ಲ ಅಂತಾನೆ," ಎಂದಳು ಮಗಳು. ಇನ್ನು ಮೇಲೆ ನಡೆಯುತ್ತಾರೆ ಎಂದು ಹೇಳಿ ನಾನು ನಕ್ಕೆ.

ಮರದ ಪೆಟ್ಟಿಗೆಗಳು ಹಡಗಿನಲ್ಲಿ ಬಂದು ನಮ್ಮ ಗರಾಜು ಸೇರುವ ಹೊತ್ತಿಗೆ ಅಕ್ಟೋಬರ್ ಕಳೆದಿತ್ತು. ಚಳಿಗಾಲವೆಲ್ಲ ಅಡುಗೆಮನೆಯ ಕೆಲಸ. ಐಲ್ಯಾಂಡ್ ಕಿತ್ತುಹಾಕಿ ಎಂದಾಗ ಕಂಟ್ರಾಕ್ಟರ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಈ ಸಬ್‌ಡಿವಿಷನ್ನಿನಲ್ಲಿ ಅವನು ಐಲ್ಯಾಂಡ್ ಹಾಕಿಸಿದವರನ್ನು ನೋಡಿದ್ದನೇ ಹೊರತು ತೆಗೆಸಿದವರನ್ನು ನೋಡಿರಲಿಲ್ಲ. ನನ್ನ ಹೂವುಗಳಿಗೆ ಅಡ್ಡ ಬರುವುದು ಏನೂ ಇರಬಾರದಿತ್ತು. ನಡುವೆ ಜಮಖಾನ ಹಾಸಿದಂತೆ ಸಿಸಿಲಿಯ ಟೈಲ್ಸ್, ಸುತ್ತಲೂ ಗೋಡೆಯ ಪಕ್ಕಕ್ಕೆ ಒಂದಡಿ ಅಗಲ ಕೆಂಪು ಮಣ್ಣಿನ ಸಾದಾ ಟೈಲಿನ ಅಂಚು. ಮುಗಿದ ದಿನ ನಾನು ನೆಲದ ಮೇಲೆ ಕೂತು ಅದನ್ನು ನೋಡಿದೆ. ಅಹಂಕಾರ ಎಂದರೆ ಅನ್ನಿ, ಆವತ್ತು ನನಗೆ ಜಂಬ ಬಂದದ್ದು ನಿಜ.

ಆದರೆ ಬರೀ ಜಂಬಕ್ಕಾಗಿ ಮಾಡಿಸಿದ್ದಲ್ಲ. ಆ ಮೇ ತಿಂಗಳಲ್ಲಿ ಅತ್ತೆ ಬರುವವರಿದ್ದರು. ಮೈಸೂರಿನಲ್ಲಿ ಮಗಳ ಮನೆಯಲ್ಲಿರುವ ಅವರು ಎರಡು ವರ್ಷಕ್ಕೊಮ್ಮೆ ಬಂದು ಐದಾರು ತಿಂಗಳಿದ್ದು ಹೋಗುತ್ತಾರೆ. ಈ ಸಲ ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿ ಇಲ್ಲೇ ಉಳಿಸಿಕೊಳ್ಳಬೇಕೆಂಬುದು ನನ್ನ ಗಂಡನಿಗಿಂತ ನನ್ನ ಆಸೆ. ನಾನು ಎಂ.ಬಿ.ಬಿ.ಎಸ್. ಓದುತ್ತಿದ್ದಾಗಲೇ ನನ್ನ ಅಮ್ಮ ತೀರಿಕೊಂಡಳು. ನನ್ನ ಎರಡೂ ಬಾಣಂತನ ಮಾಡಿದವರು ಅತ್ತೆ. ಮೊದಲನೆಯದು ಶಿಕಾಗೋ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ. ಸಾಂಬ್ರಾಣಿ ಹಾಕಿದಾಗಲೆಲ್ಲ ಸ್ಮೋಕ್ ಅಲಾರ್ಮ್ ಬಡಿದುಕೊಳ್ಳುತ್ತಿತ್ತು. ಅತ್ತೆ ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಟವೆಲು ಹಿಡಿದು ಅದಕ್ಕೆ ಗಾಳಿ ಬೀಸುತ್ತಾ, "ಸುಮ್ನಿರೋ, ಸುಮ್ನಿರೋ," ಎಂದು ಅಲಾರ್ಮಿಗೂ ಮಗುವಿಗೂ ಒಟ್ಟಿಗೇ ಹೇಳುತ್ತಿದ್ದರು. ಅಂಥವರು ಮನೆಯಲ್ಲಿರಬೇಕೆಂದು ನನಗೆ ಆಸೆಯಾದರೆ ಅದು ಅತಿಯಾಸೆಯಲ್ಲ. ಆದರೆ ಗ್ರೀನ್ ಕಾರ್ಡಿನ ಮಾತೆತ್ತಿದರೆ ಅವರ ಉತ್ತರ ಒಂದೇ, "ನೋಡೋಣ."

ಏರ್‌ಪೋರ್ಟಿನಿಂದ ಬಂದವರನ್ನು ಸೀದಾ ಅಡುಗೆಮನೆಗೆ ಕರೆದುಕೊಂಡು ಹೋದೆ. ಬಾಗಿಲಲ್ಲೇ ನಿಂತರು. ತುಂಬಾ ಹೊತ್ತು ನೋಡಿದರು.

"ಚೆನ್ನಾಗಿದೆ ಕಣೇ. ಎಷ್ಟು ಲಕ್ಷಣವಾಗಿದೆ," ಎಂದರು. ಆಮೇಲೆ, "ಇಲ್ಲಿ ಎಲ್ಲರೂ ಓಡಾಡ್ತೀರಾ?" ಎಂದು ಕೇಳಿದರು.

"ಜಾರಲ್ಲ ಅತ್ತೆ, ಧೈರ್ಯವಾಗಿ ನಡೀರಿ," ಎಂದೆ ನಾನು.

ಒಂದೆರಡು ವಾರದಲ್ಲಿ ಅವರ ನಡಿಗೆ ಬದಲಾಗಿದ್ದು ಕಂಡಿತು. ಮುಂಚೆ ಚುರುಕಾಗಿ ಓಡಾಡುತ್ತಿದ್ದವರು ಈಗ ಒಂದು ಕೈ ಗೋಡೆಗೋ ಕಪಾಟಿಗೋ ಆನಿಸಿಕೊಂಡು, ಹೆಜ್ಜೆಯ ಮುಂದೆ ಹೆಜ್ಜೆ ಇಟ್ಟು ನಡೆಯುತ್ತಿದ್ದರು. ಫ್ರಿಜ್ಜಿನಿಂದ ಒಲೆಗೆ ನಾಲ್ಕು ಹೆಜ್ಜೆ. ಅವರು ಸಿಂಕಿನ ಕಡೆಯಿಂದ ಸುತ್ತಿಕೊಂಡು ಹನ್ನೆರಡು ಹೆಜ್ಜೆಯಲ್ಲಿ ಬರುತ್ತಿದ್ದರು. ಹಿಡಿದುಕೊಳ್ಳಲು ಆಸರೆ ಬೇಕಲ್ಲ, ಅದಕ್ಕೇ ಗೋಡೆಯ ಪಕ್ಕ ಎಂದು ನಾನು ತೀರ್ಮಾನ ಮಾಡಿದೆ.

"ಮಂಡಿ ನೋವಾ ಅತ್ತೆ?"

"ವಯಸ್ಸಾಯ್ತಲ್ಲ," ಎಂದರು. ನೋವಿದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಡಾಕ್ಟರು ಸೊಸೆಯಾದ ಮೇಲೆ ಕೇಳಬೇಕೆ. ಪರಿಚಯದ ಡಾಕ್ಟರಿಗೆ ಹೇಳಿ ಎಕ್ಸ್‌ರೇ ತೆಗೆಸಿದೆ. ಚಿತ್ರವನ್ನು ನಾನೇ ದೊಡ್ಡದು ಮಾಡಿ, ತಿರುಗಿಸಿ, ಮತ್ತೆ ಮತ್ತೆ ನೋಡಿದೆ. ಎಪ್ಪತ್ತೆಂಟರ ಹೆಂಗಸಿಗೆ ಅರವತ್ತರ ಮಂಡಿ. ಹಾಗಾದರೆ ಸೊಂಟವಿರಬೇಕು ಎಂದು ಅದನ್ನೂ ತೆಗೆಸಿದೆ, ಅದೂ ಗಟ್ಟಿ. ಫಿಸಿಯೋಥೆರಪಿ ಶುರುವಾಯಿತು. ಅತ್ತೆ ಶಾಲೆಗೆ ಹೊಸದಾಗಿ ಸೇರಿದವರ ಹಾಗೆ ದಿನಾ ಬೆಳಗ್ಗೆ ಕುರ್ಚಿಯಲ್ಲಿ ಕೂತು ಕಾಲೆತ್ತಿ ಹತ್ತು ಎಣಿಸುತ್ತಿದ್ದರು. ಒಂದು ವಾಕರ್ ತಂದುಕೊಟ್ಟೆ. ಅದರ ಮೇಲೆ ಒದ್ದೆ ಟವೆಲು ಒಣಹಾಕಿದರು. ಶಿಕಾಗೋದಲ್ಲಿ ಕೆಲಸ ಮಾಡುವ ನನ್ನ ಮಗಳು ವಾರಾಂತ್ಯಕ್ಕೆ ಡ್ರೈವ್ ಮಾಡಿಕೊಂಡು ಬಂದವಳು, "ಅಮ್ಮಾ, ಅಜ್ಜಿ ವಾಕ್ಸ್ ಫೈನ್ ಎವ್ರಿವೇರ್ ಎಲ್ಸ್," ಎಂದಳು. ಸಬ್‌ಡಿವಿಷನ್ನಿನ ಕೆರೆಯ ಸುತ್ತ ಅಜ್ಜಿ ತನ್ನ ಜೊತೆ ಒಂದು ಮೈಲಿ ನಡೆದರೆಂದೂ ಹೇಳಿದಳು. ನೀನು ಡಾಕ್ಟರಾ ನಾನು ಡಾಕ್ಟರಾ ಎಂದು ಗದರಿದೆ.

ನಮ್ಮ ಮನೆಯ ಮೇಲಿನ ಮಹಡಿಯಲ್ಲಿ, ಮಲಗುವ ಕೋಣೆಗಳ ಮುಂದೆ ಕಟಕಟೆ ಇರುವ ಒಂದು ಕಾರಿಡಾರಿದೆ. ಅಲ್ಲಿ ನಿಂತರೆ ಕೆಳಗಿನ ಅಡುಗೆಮನೆ ಪೂರ್ತಿ ಕಾಣುತ್ತದೆ. ಜುಲೈ ತಿಂಗಳ ಒಂದು ಭಾನುವಾರ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಒಗೆದ ಬಟ್ಟೆ ಎತ್ತಿಕೊಂಡು ಅಲ್ಲಿ ಹೋಗುತ್ತಿದ್ದ ನಾನು ಸುಮ್ಮನೆ ಕೆಳಗೆ ನೋಡಿದೆ. ಅತ್ತೆ ಕುದಿಯುವ ಸಾರಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಊಟದ ಟೇಬಲ್ಲಿಗೆ ತರುತ್ತಿದ್ದರು. ಎರಡೂ ಕೈಯಲ್ಲಿ ಪಾತ್ರೆ, ಆಸರೆಗೆ ಏನೂ ಇಲ್ಲ. ಆದರೂ ಅದೇ ಒಂದಡಿಯ ಕೆಂಪು ಅಂಚಿನ ಮೇಲೆ, ಸುತ್ತು ಹಾಕಿಕೊಂಡು ನಡೆಯುತ್ತಿದ್ದರು. ನಡಿಗೆಯಲ್ಲಿ ಒಂದಿಷ್ಟೂ ಕುಂಟಿಲ್ಲ. ಮೂಲೆಯಲ್ಲಿ ಯಾರೋ ಕುರ್ಚಿಯೊಂದನ್ನು ಅಂಚಿನ ಮೇಲೆ ಬಿಟ್ಟಿದ್ದರು. ಅತ್ತೆ ನಿಂತರು. ಒಂದು ಹೆಜ್ಜೆ ಹೂವಿನ ಮೇಲಿಟ್ಟಿದ್ದರೆ ದಾಟಿಬಿಡಬಹುದಿತ್ತು. ಅವರು ಪಾತ್ರೆಯನ್ನು ಪಕ್ಕದ ಕಟ್ಟೆಯ ಮೇಲಿಟ್ಟು, ಕುರ್ಚಿ ಸರಿಸಿ, ಮತ್ತೆ ಪಾತ್ರೆ ಎತ್ತಿಕೊಂಡರು. ಸರಿಸುವಾಗ ಬಲಗಾಲಿನ ಹೆಬ್ಬೆರಳು ಅಂಚು ದಾಟಿ ನೀಲಿ ಎಸಳಿಗೆ ತಾಕಿತ್ತೆಂದು ಕಾಣುತ್ತದೆ. ಪಾತ್ರೆ ಟೇಬಲ್ಲಿನ ಮೇಲಿಟ್ಟವರೇ ವಾಪಸು ಬಂದು, ಬಗ್ಗಿ, ಆ ಎಸಳನ್ನು ಬೆರಳತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಪುಸ್ತಕಕ್ಕೆ ಕಾಲು ತಾಗಿದರೆ ನಾವು ಹಾಗೆ ಮಾಡುತ್ತೇವೆ. ನಾನು ಬಟ್ಟೆ ಹಿಡಿದು ನಿಂತಲ್ಲೇ ನೆಲವನ್ನು ನೋಡಿದೆ. ಮೇಲಿನಿಂದ, ಮೊದಲ ಸಲ ಸರಿಯಾಗಿ. ಎಂಟು ಎಸಳು, ನಡುವೆ ಅರಿಶಿನದ ಬೊಟ್ಟು. ಶುಕ್ರವಾರ ಬೆಳಗ್ಗೆ ದೇವರ ಮುಂದೆ ನನ್ನ ಅಮ್ಮ ರಂಗೋಲಿಯಲ್ಲಿ ಬರೆಯುತ್ತಿದ್ದದ್ದು ಇದನ್ನೇ. ಅಷ್ಟದಳ ಪದ್ಮ. ಅದರ ಮೇಲೆ ಕಲಶ ಇಡುತ್ತಿದ್ದಳು. ನಾವು ಮಕ್ಕಳು ಓಡಿಬಂದರೆ "ಪದ್ಮ, ಪದ್ಮ, ತುಳೀಬೇಡಿ!" ಎಂದು ಕೈ ಅಡ್ಡ ಹಿಡಿಯುತ್ತಿದ್ದಳು. ಸಾವಿರಾರು ಟೈಲ್ಸ್‌ನ ನಡುವೆ ನನ್ನ ಕಣ್ಣು ಹೋಗಿ ನಿಂತದ್ದು ಅಮ್ಮನ ಕೈಬರಹದ ಮೇಲೆ, ಮತ್ತೆ ನಾನು ಅದನ್ನು ಮೆಡಿಟರೇನಿಯನ್ ಎಂದುಕೊಂಡು ತಂದು ಕಾಲ ಕೆಳಗೆ ಹಾಸಿದ್ದೆ. ನಾಚಿಕೆಯಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು. ನನ್ನ ಸ್ವಭಾವವೇ ಹಾಗೆ, ನಾಚಿಕೆಯಾದರೆ ಸಿಟ್ಟು ಬರುತ್ತದೆ.

ದಡದಡನೆ ಕೆಳಗಿಳಿದು ಹೋಗಿ, "ಎರಡು ತಿಂಗಳಿಂದ ನಿಮ್ಮ ಮಂಡಿ ಚೆನ್ನಾಗೇ ಇದೆ ಅಲ್ವಾ ಅತ್ತೆ?" ಎಂದೆ.

ಅವರು ಸಿಕ್ಕಿಬಿದ್ದವರ ಹಾಗೆ ನಕ್ಕರು. "ಪದ್ಮದ ಮೇಲೆ ಹ್ಯಾಗೆ ಕಾಲಿಡ್ಲಿ? ನಂಗಾಗಲ್ಲ ಕಣೇ."

"ಹೇಳಬಾರದಿತ್ತಾ? ಎಕ್ಸ್‌ರೇ ತೆಗೆಸಿದೀನಿ, ಕಾಲೆತ್ತಿ ಎಣಿಸಿದೀರ, ವಾಕರ್ ತಂದಿದೀನಿ!"

"ಬಂದ ದಿನವೇ ಎಷ್ಟು ಆಸೆಯಿಂದ ತೋರಿಸ್ದೆ. ಅದನ್ನ ಹೇಳಿ ನಿನ್ನ ಮುಖ ಸಣ್ಣ ಮಾಡ್ಲಾ? ಇದು ನಿನ್ನ ಮನೆ, ನಿನ್ನ ಇಷ್ಟದ ಹಾಗಿರ್ಲಿ. ನಾನು ಇವತ್ತಿರ್ತೀನಿ, ಅಕ್ಟೋಬರಿಗೆ ಹೊರಡ್ತೀನಿ. ಅಲ್ಲಿ ತನಕ ಸುತ್ತಿಕೊಂಡು ಬಂದ್ರೇನು?"

ನಿನ್ನ ಮನೆ ಎಂದದ್ದು ಚುಚ್ಚಿತು. ನೋಡೋಣ ಎನ್ನುತ್ತಿದ್ದವರು ನೋಡಿ ಮುಗಿಸಿದ್ದರು. ಅವರನ್ನು ಉಳಿಸಿಕೊಳ್ಳಲೆಂದು ಸಿಂಗರಿಸಿದ ಮನೆಯಲ್ಲಿ ನಾನು ಅವರಿಗೆ ಒಂದಡಿ ಅಗಲದ ಜಾಗ ಬಿಟ್ಟಿದ್ದೆ, ಅದೂ ಗೋಡೆಯ ಪಕ್ಕ.

ಆವತ್ತು ಊಟದ ಹೊತ್ತಿಗೆ ನನ್ನ ಗಂಡ, "ಅಷ್ಟೇ ತಾನೆ? ಕಾರ್ಪೆಟ್ ಹಾಕಿಬಿಡೋಣ," ಎಂದರು.

"ಹೊದಿಸಿದ್ರೆ ಕೆಳಗೆ ಏನಿದೆ ಅಂತ ಮರೆತು ಹೋಗತ್ತೇನೋ?" ಎಂದರು ಅತ್ತೆ ಮಗನಿಗೆ.

ಕಂಟ್ರಾಕ್ಟರಿಗೆ ಫೋನ್ ಮಾಡಿದೆ. ಟೈಲ್ಸ್ ತೆಗೆಯಬೇಕು ಎಂದೆ. ಅಂಟು ಗಟ್ಟಿಯಾಗಿದೆ, ಒಂದೂ ಇಡಿಯಾಗಿ ಬರುವುದಿಲ್ಲ, ಎಲ್ಲ ಚೂರಾಗುತ್ತದೆ ಎಂದ. ಆಗಲಿ ಎಂದೆ. ಆಗಲಿ ಎನ್ನಲು ಮನಸ್ಸಿರಲಿಲ್ಲ, ಸುಳ್ಳೇಕೆ ಹೇಳಲಿ. ಆಗಸ್ಟಿನಲ್ಲಿ ಒಂದು ಸೋಮವಾರ ಬರುತ್ತೇನೆಂದು ಒಪ್ಪಿಕೊಂಡ. ಅತ್ತೆ ಪಕ್ಕದಲ್ಲೇ ಹುರುಳಿಕಾಯಿ ಹೆಚ್ಚುತ್ತಿದ್ದರು. ಅಲ್ಲಿಂದಾಚೆಗೆ ಸುತ್ತಿಕೊಂಡು ಬರುವಾಗ ನಡುವಿನ ಹೂವುಗಳ ಕಡೆ ನೋಡುತ್ತಿದ್ದರು.

ಆ ಸೋಮವಾರಕ್ಕೆ ಮೂರು ದಿನ ಮುಂಚೆ ವರಮಹಾಲಕ್ಷ್ಮಿ ಹಬ್ಬ. ಹಿಂದಿನ ದಿನ ನಾನು ದೇವರ ಕೋಣೆ ಒರೆಸುತ್ತಿದ್ದಾಗ ಬಂದು, "ಈ ಸಲ ಕಲಶ ಇಲ್ಲಿ ಬೇಡ. ಅಡುಗೆಮನೆಯಲ್ಲಿ ಇಡೋಣ," ಎಂದರು.

"ಅಡುಗೆಮನೆಯಲ್ಲಾ?"

"ಬರೆದಿಟ್ಟ ಪದ್ಮ ಇದ್ದ ಹಾಗೇ ಇದೆ. ಅಷ್ಟು ದೂರದಿಂದ ತಂದಿದೀಯ. ಒಡೆಯೋಕೆ ಮುಂಚೆ ಒಂದು ಸಲವಾದ್ರೂ ಆ ತಾಯಿ ಕೂತ್ಕೊಳ್ಳಲಿ."

ಶುಕ್ರವಾರ ಬೆಳಗ್ಗೆ ಕೆಂಪು ಅಂಚಿನ ಮೇಲೇ ಕೂತು, ಅಂಚಿಗೆ ತಾಗಿದ ಹೂವೊಂದರ ಮೇಲೆ ಬಾಳೆಲೆ ಹಾಸಿ, ಅಕ್ಕಿ ಹರಡಿ, ಕಲಶ ಇಟ್ಟರು. ತೆಂಗಿನಕಾಯಿಗೆ ಬೆಳ್ಳಿಯ ಮುಖ, ನನ್ನ ಮದುವೆಯ ಸೀರೆ, ಪಕ್ಕದ ಊರು ನೋವಾಯ್‌ನ ಇಂಡಿಯನ್ ಅಂಗಡಿಯಿಂದ ತಂದ ಬಾಡಿದ ಮಲ್ಲಿಗೆ. ಅಕ್ಕಪಕ್ಕದ ಆಂಟಿಯರೆಲ್ಲ ಅರಿಶಿನ ಕುಂಕುಮಕ್ಕೆ ಬಂದರು. ಬಂದವರೆಲ್ಲ ನೆಲ ನೋಡಿ, "ಅಯ್ಯೋ, ಪರ್ಮನೆಂಟ್ ರಂಗೋಲಿ! ಎಲ್ಲಿ ಮಾಡಿಸಿದ್ರಿ?" ಎಂದು ಕೇಳಿದರು. ಕಣ್ಣಿದ್ದವರಿಗೆ ಒಂದೇ ನೋಟಕ್ಕೆ ಕಂಡಿತ್ತು. ನಾನು ಇಟಲಿಯಲ್ಲಿ ಎಂದು ಹೇಳಿ ಮಾತು ಬದಲಾಯಿಸಿದೆ.

ಶನಿವಾರ ಬೆಳಗ್ಗೆ ಅತ್ತೆ ಸ್ನಾನ ಮಾಡಿ ಬಂದು ಮತ್ತೊಂದು ಆರತಿ ಎತ್ತಿ, ಎರಡೂ ಕೈಯಲ್ಲಿ ಕಲಶ ಹಿಡಿದು ಉತ್ತರದ ಕಡೆಗೆ ಒಂದಿಷ್ಟು ಕದಲಿಸಿದರು. ಹಾಗೆ ಕದಲಿಸಿದರೆ ದೇವರನ್ನು ಕಳಿಸಿಕೊಟ್ಟಂತೆ. "ಹೋಗಿ ಬಾ ತಾಯಿ," ಎಂದರು. ಅಕ್ಕಿ, ಎಲೆ, ಹೂವು ಎಲ್ಲ ತೆಗೆದ ಮೇಲೆ ಒದ್ದೆ ಬಟ್ಟೆ ತಂದು ಅಂಚಿನ ಮೇಲೆ ಮಂಡಿಯೂರಿ ಕೂತು ಆ ಹೂವನ್ನು ಒರೆಸತೊಡಗಿದರು. ಊರಿನಲ್ಲಿ ರಂಗೋಲಿ ಒರೆಸುವ ಹಾಗೆಯೇ.

"ಅದು ಅಳಿಸಲ್ಲ ಅತ್ತೆ," ಎಂದೆ.

"ಗೊತ್ತು. ಕರೆದಿದ್ದಾಯ್ತು, ಕಳಿಸಿದ್ದಾಯ್ತು, ಒರೆಸಿದ್ದೂ ಆಯ್ತು. ನನ್ನ ಕೈಲಾದದ್ದು ಅಷ್ಟೇ. ಇನ್ನು ಇದು ಪದ್ಮ ಅಲ್ಲ, ನೆಲ."

ನನ್ನ ಕೈ ಹಿಡಿದು ಎದ್ದು ನಿಂತರು. ಬಲಗಾಲು ಮುಂದಿಟ್ಟರು, ಆಮೇಲೆ ಎಡಗಾಲು. ಎರಡೂ ಪಾದ ಹೂವಿನ ನಡುವೆ. ಒಂದು ಕ್ಷಣ ಕಣ್ಣು ಮುಚ್ಚಿದರು.

"ತಣ್ಣಗಿದೆ ಕಣೇ," ಎಂದರು. "ಇಷ್ಟು ದಿನ ಗೊತ್ತೇ ಆಗ್ಲಿಲ್ಲ ನೋಡು."

ನಾನು ಅಳುತ್ತಿದ್ದದ್ದನ್ನು ಅವರು ನೋಡಿಯೂ ನೋಡದ ಹಾಗೆ ಒಲೆಯ ಕಡೆಗೆ ನೇರವಾಗಿ ನಾಲ್ಕು ಹೆಜ್ಜೆ ನಡೆದು ಹಾಲಿಟ್ಟರು. ಅಲ್ಲಿಂದಲೇ ಮಗನನ್ನು ಕೂಗಿದರು. "ಅದೇನೋ ಗ್ರೀನ್ ಕಾರ್ಡಿನ ಫಾರ್ಮು ಅಂತಿದ್ಯಲ್ಲ, ಎಲ್ಲಿ ಸೈನ್ ಹಾಕ್ಬೇಕು ತಾ. ಆ ಮನುಷ್ಯನಿಗೂ ಫೋನ್ ಮಾಡು, ಸೋಮವಾರ ಬರಬೇಡ ಅನ್ನು. ಒಳ್ಳೇ ನೆಲ, ಯಾಕೆ ಒಡೆಯೋದು?"

ಗಂಡ ಫಾರ್ಮು ತಂದು ಊಟದ ಟೇಬಲ್ಲಿನ ಮೇಲೆ ಹರಡಿದರು. ಅತ್ತೆ ಎರಡು ಲೋಟ ಕಾಫಿ ಬೆರೆಸಿ ನನ್ನ ಕೈಗಿತ್ತು, ತಾವು ಹೂವುಗಳ ಮೇಲೆ ನಡೆದುಹೋಗಿ ಕುರ್ಚಿ ಎಳೆದುಕೊಂಡು ಕೂತರು. ನಾನು ಲೋಟಗಳನ್ನು ಹಿಡಿದುಕೊಂಡು ಹೊರಟೆ. ಕಲಶ ಇಟ್ಟಿದ್ದ ಹೂವಿನ ಅರಿಶಿನದ ಬೊಟ್ಟಿನ ಹತ್ತಿರ ಒರೆಸುವಾಗ ತಪ್ಪಿಹೋದ ಒಂದು ಅಕ್ಷತೆ ಕಾಳು ಅಂಟಿಕೊಂಡಿತ್ತು. ಸಿಂಕಿನ ಕಡೆಗೆ ತಿರುಗಿದೆ. ಫ್ರಿಜ್ಜು ದಾಟಿ, ಮೂಲೆ ದಾಟಿ, ಕೆಂಪು ಅಂಚಿನ ಮೇಲೆ ಹೆಜ್ಜೆಯ ಮುಂದೆ ಹೆಜ್ಜೆ ಇಟ್ಟು ಟೇಬಲ್ ತಲುಪಿದೆ.

ಗಂಡ ಪೆನ್ನು ಹಿಡಿದವರು ನನ್ನನ್ನೇ ನೋಡುತ್ತಿದ್ದರು.

"ಯಾಕೆ," ಎಂದರು, "ಮಂಡಿ ನೋವಾ?"